ಹಿತ್ತಲ ಕೋಣೆಯ ಭರಣಿ

ಕುಡಿತದ ವಿರುದ್ಧ ಭಾಷಣ ಬಿಗಿದವಳೇ ಮನೆಯಲ್ಲಿ ವೈನ್ ಹಾಕಿದಳು ಎಂದು ಯಾರಾದರೂ ಆಡಿಕೊಂಡರೆ ಅದು ಸುಳ್ಳಲ್ಲ. ಎರಡನ್ನೂ ಮಾಡಿದ್ದೇನೆ, ಅದೂ ಒಂದೇ ಬೇಸಿಗೆಯಲ್ಲಿ.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾಗಿ ಶಿಕಾರಿಪುರದಲ್ಲಿ ಒಬ್ಬಳೇ ಇದ್ದೇನೆ. ಹಿತ್ತಲಲ್ಲಿ ಒಂದು ನೇರಳೆ ಮರ. ಹಣ್ಣಿನ ಕಾಲಕ್ಕೆ ಕಲ್ಲುಹಾಸೆಲ್ಲ ನೀಲಿಯಾಗುತ್ತದೆ. ತಿಂದು, ಹಂಚಿ, ಉಳಿದದ್ದು ಕೊಳೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಆ ವರ್ಷ ಮೊಬೈಲಿನಲ್ಲಿ ಯಾರೋ ಹೆಂಗಸು ನೇರಳೆ ವೈನ್ ಮಾಡುವುದನ್ನು ತೋರಿಸಿದಳು. ನನಗೆ ಸಕ್ಕರೆ ಕಾಯಿಲೆ, ನೇರಳೆ ಅದಕ್ಕೆ ಒಳ್ಳೆಯದು ಎಂಬ ನೆಪವೂ ಸಿಕ್ಕಿತು. ಅದಕ್ಕೆ ಎರಡು ಕಿಲೋ ಸಕ್ಕರೆ ಸುರಿಯಬೇಕೆಂಬುದನ್ನು ಜಾಣತನದಿಂದ ಮರೆತೆ. ಬೇಕರಿಯಲ್ಲಿ ಯೀಸ್ಟ್ ಕೇಳಿದಾಗ ‘ಎದಕ್ರೀ ಮೇಡಂ?’ ಎಂದರು. ‘ಬನ್ ಮಾಡೋಕೆ’ ಎಂದೆ. ಅಮ್ಮನ ಕಾಲದ ಉಪ್ಪಿನಕಾಯಿ ಭರಣಿಯಲ್ಲಿ ಹಿಸುಕಿದ ಹಣ್ಣು, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಹಾಕಿ, ಕಾಯಿಸಿ ಆರಿಸಿದ ನೀರು ಹೊಯ್ದು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದೆ. ದಿನಕ್ಕೊಮ್ಮೆ ಮರದ ಸೌಟಿನಿಂದ ಕದಡಬೇಕು. ಮೂರನೇ ದಿನಕ್ಕೆ ಬುಸುಬುಸು ನೊರೆ ಎದ್ದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆ ಬೇಸಿಗೆಯಲ್ಲೇ ನಮ್ಮ ಹಿತ್ತಲ ಕೆಲಸದವನು ಕುಡಿತ ಬಿಟ್ಟಿದ್ದ. ಹತ್ತಿರದ ಹಳ್ಳಿ ತೊಗರ್ಸಿಯವನು. ನಾನು ಅಲ್ಲಿ ಪಾಠ ಮಾಡುತ್ತಿದ್ದಾಗ ಅವನ ಹೆಂಡತಿ ಶಾಲೆಯ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅವಳೇ ಅತ್ತು ಕರೆದು ಅವನನ್ನು ಮದ್ಯವರ್ಜನ ಶಿಬಿರಕ್ಕೆ ಸೇರಿಸಿದ್ದು. ಸಮಾರೋಪದ ದಿನ ಮೈಕ್ ಹಿಡಿದು ಮುಕ್ಕಾಲು ಗಂಟೆ ಮಾತಾಡಿದವಳು ನಾನು. ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡು, ‘ಸೋಮವಾರ, ಗುರುವಾರ ನಿಮ್ಮನೀಗೆ ಕಳಿಸ್ತೀನ್ರಿ ಮೇಡಂ. ನಿಮ್ಮನ್ಯಾಗಿದ್ರೆ ನನಗೆ ಧೈರ್ಯ’ ಎಂದಿದ್ದಳು. ಅವನು ಕುಡಿಯದೆ ಕಳೆದ ಒಂದೊಂದು ದಿನಕ್ಕೂ ಅವಳು ಕ್ಯಾಲೆಂಡರಿನಲ್ಲಿ ಒಂದೊಂದು ಕುಂಕುಮದ ಬೊಟ್ಟು ಇಡುತ್ತಿದ್ದಳು. ಎರಡು ತಿಂಗಳ ಹಾಳೆ ಪೂರ್ತಿ ಕೆಂಪಾಗಿತ್ತು.

ಹಾಗಾಗಿ ಸೋಮವಾರ, ಗುರುವಾರ ಭರಣಿ ನನ್ನ ಮಂಚದ ಕೆಳಗೆ ಅಡಗಿರುತ್ತಿತ್ತು. ಇದು ಸಾರಾಯಿ ಅಲ್ಲ, ಹಣ್ಣಿನ ರಸ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಷ್ಟು ಖಾತ್ರಿ ಇದ್ದಿದ್ದರೆ ಬಚ್ಚಿಡುವ ಗೋಜು ಯಾಕೆ ಬೇಕಿತ್ತು?

ಹತ್ತು ದಿನವಾಗುವಷ್ಟರಲ್ಲಿ ವಾಸನೆ ಮನೆಯಿಡೀ ಹರಡಿತು. ಶನಿವಾರ ಸಂಜೆ ಪಕ್ಕದ ಮನೆಯವರು ಕುಂಕುಮಕ್ಕೆ ಬರುವವರಿದ್ದರು. ಗಡಿಬಿಡಿಯಲ್ಲಿ ಭರಣಿಯನ್ನು ಹೊತ್ತು ಹಿತ್ತಲ ಕೋಣೆಯಲ್ಲಿಟ್ಟು, ಗೋಣಿ ಹೊದಿಸಿ, ಬೀಗ ಹಾಕಿದೆ. ಸಲಿಕೆ, ಗುದ್ದಲಿ ಇರುವ ಕೋಣೆ ಅದು. ಬೀಗದ ಕೈ ಕಿಟಕಿಯ ಸಂದಿಯಲ್ಲಿರುವುದು ಅವನಿಗೆ ಗೊತ್ತು. ಸೋಮವಾರದೊಳಗೆ ಒಳಗೆ ತಂದರಾಯಿತು ಎಂದುಕೊಂಡು, ಭಾನುವಾರ ಬೆಳಗ್ಗೆ ಸೊರಬಕ್ಕೆ ತಂಗಿಯ ಮನೆಗೆ ಹೊರಟೆ.

ತಂಗಿ ಎಲೆ ಹಾಕುವಷ್ಟರಲ್ಲಿ ಫೋನ್ ಬಂತು. ಅವನ ಹೆಂಡತಿ.

‘ಮೇಡಂ, ನಮ್ಮನೆಯವ್ರು ಅಲ್ಲೇ ಇದಾರೇನ್ರಿ? ನಾಳೆ ಗದ್ದಿ ಕೆಲ್ಸ ಐತಿ ಅಂತ ಇವತ್ತೇ ಬಂದಾರೆ. ನಾಕು ಸಲ ಮಾಡಿದೆ, ಫೋನ್ ಎತ್ತಿಲ್ರಿ.’

ಕಿಟಕಿ ಸಂದಿಯ ಬೀಗದ ಕೈ ನೆನಪಾಯಿತು. ‘ಕೆಲಸದಲ್ಲಿರ್ತಾನೆ, ನಾನು ನೋಡ್ತೀನಿ’ ಎಂದು ಇಟ್ಟುಬಿಟ್ಟೆ. ತಂಗಿ, ‘ಎಂತಾ ಆಯ್ತೇ? ಊಟ ಮಾಡ್ಕಂಡಾದ್ರೂ ಹೋಗೇ’ ಎನ್ನುತ್ತಲೇ ಇದ್ದಳು. ನಾನು ಚಪ್ಪಲಿ ಹಾಕಿಕೊಂಡಾಗಿತ್ತು.

ಬಸ್ಸಿನಲ್ಲಿ ಕೂತು ನಾನೂ ಅವನಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಪಕ್ಕದ ಮನೆಯವರಿಗೆ ಹೇಳಿ ನೋಡಿಸಬಹುದಿತ್ತು. ಹೇಳಲಿಲ್ಲ. ಭರಣಿಯಲ್ಲಿ ಏನಿದೆ ಎಂದು ಅವರಿಗೆ ತಿಳಿಸಬೇಕಾಗುತ್ತಿತ್ತಲ್ಲ! ನಿಜ ಹೇಳುತ್ತೇನೆ, ನಾನು ಮೊದಲು ಹೆದರಿದ್ದು ನನ್ನ ಮರ್ಯಾದೆಗೆ. ಅವನ ಹೆಂಡತಿಯ ಕ್ಯಾಲೆಂಡರು ನೆನಪಾದದ್ದು ಬಸ್ಸು ಊರು ದಾಟಿದ ಮೇಲೆ. ಶಿರಾಳಕೊಪ್ಪದಲ್ಲಿ ಬಸ್ಸು ಕದಲದೆ ನಿಂತಿತು. ಡ್ರೈವರು ಚಹಾಕ್ಕೆ ಇಳಿದಿದ್ದ. ‘ಇನ್ನೆಷ್ಟು ಹೊತ್ರೀ?’ ಎಂದು ಕಂಡಕ್ಟರಿಗೆ ರೇಗಿದೆ. ‘ನಿಮ್ಮೊಬ್ರಿಗೇ ಬಸ್ಸೇನ್ರಿ ಅಮ್ಮಾ?’ ಎಂದ. ಮತ್ತೆ ಫೋನ್ ಮಾಡಿದೆ. ಉತ್ತರವಿಲ್ಲ. ಅವನು ಕುಡಿದು ಬಿದ್ದಿರುವುದು, ಅವನ ಹೆಂಡತಿ ಬಂದು ನಿಂತಿರುವುದು, ಎಲ್ಲ ಕಣ್ಣಿಗೆ ಕಟ್ಟತೊಡಗಿತು.

ಮನೆ ತಲುಪಿ ಪಕ್ಕದ ಓಣಿಯಿಂದಲೇ ಹಿತ್ತಲಿಗೆ ಓಡಿದೆ. ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಹೊಸ್ತಿಲ ಹತ್ತಿರವೇ ಭರಣಿ. ಗೋಣಿ ಒಂದು ಕಡೆ, ಬಿಚ್ಚಿದ ಬಿಳಿ ಬಟ್ಟೆ ಇನ್ನೊಂದು ಕಡೆ.

ಅವನು ಕೋಣೆಗೆ ಬೆನ್ನು ಮಾಡಿ, ಅಷ್ಟು ದೂರದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬನಿಯನ್ನಿನಲ್ಲಿ ಕೂತಿದ್ದ. ಎರಡೂ ಕೈ ಮೊಣಕಾಲ ನಡುವೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದ.

‘ಏನೋ ಇದು? ಫೋನ್ ಯಾಕೆ ಎತ್ತಲಿಲ್ಲ?’ ಎಂದು ಕೂಗಿದೆ. ತಪ್ಪು ನನ್ನದು, ಜೋರು ಅವನ ಮೇಲೆ.

‘ಫೋನು ಒಳಗೈತ್ರಿ. ಅಂಗಿ ಬಿಚ್ಚಿ ಮೊಳೀಗೆ ಹಾಕೀನಿ, ಅದ್ರ ಜೇಬಿನಾಗೆ. ಉಪ್ಪಿನಕಾಯಿ ಅನ್ಕಂಡು ಭರಣಿ ಸರಿಸಿದೆ. ವಾಸನಿ ಬಂತು. ಬಟ್ಟೆ ಬಿಚ್ಚಿ ನೋಡ್ದೆ.’ ಕೋಣೆಯ ಕಡೆ ತಿರುಗದೆಯೇ ಮುಂದುವರಿಸಿದ. ‘ಮತ್ತೆ ಒಳಗೆ ಹೋಗಾಕೆ ಧೈರ್ಯ ಆಗ್ಲಿಲ್ರಿ. ಅಂಗಿ ಇಲ್ದೆ ಊರಿಗೆ ಹೆಂಗೆ ಹೋಗ್ಲಿ? ನೀವು ಬರ್ತೀರಿ ಅಂತ ಕುಂತೆ.’

ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದೂವರೆಯ ತನಕ.

ಕುಡಿದೆಯಾ ಎಂದು ನಾನು ಕೇಳಿರಲಿಲ್ಲ. ಆದರೂ ಮುಖ ಕೇಳಿರಬೇಕು. ಅವನು ಎದ್ದು ಬಂದು, ಐವತ್ತು ದಾಟಿದ ಗಂಡಸು, ತರಗತಿಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ನನ್ನೆದುರು ನಾಲಿಗೆ ಚಾಚಿದ. ನೇರಳೆ ಸೋಕಿದ ನಾಲಿಗೆ ಬಣ್ಣ ಮುಚ್ಚಿಡುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

‘ನೋಡ್ರಿ ಮೇಡಂ. ಬೆಳಿಗ್ಗಿಂದ ಬಿದ್ದ ಹಣ್ಣು ಒಂದೂ ತಿಂದಿಲ್ಲ. ತಿಂದ್ರೆ ನೀವು ನಂಬಂಗಿಲ್ಲ ಅಂತ.’

ನಾನು ನೋಡಬಾರದಿತ್ತು. ನೋಡಿದೆ. ಬಗ್ಗಿ ನೋಡಿದೆ. ನಾಲಿಗೆ ಒಣಗಿ ಬೆಳ್ಳಗಾಗಿತ್ತು.

ಒಳಗೆ ಅವನ ಫೋನ್ ಮತ್ತೆ ಬಡಿದುಕೊಳ್ಳತೊಡಗಿತು. ಭರಣಿ ದಾಟಿ ಹೋಗಿ ಅಂಗಿ ತಂದುಕೊಟ್ಟು, ಫೋನ್ ನಾನೇ ಎತ್ತಿದೆ. ‘ಇಲ್ಲೇ ಇದಾನವ್ವ. ಇವತ್ತಿನ ಬೊಟ್ಟು ಇಡು’ ಎಂದೆ. ಅಷ್ಟೇ ಹೇಳಿ ಫೋನನ್ನು ಅವನ ಕೈಗೆ ಕೊಟ್ಟೆ.

ಅವನು ಹೋದ ಮೇಲೆ ಭರಣಿಯನ್ನು ಮೋರಿಗೆ ಬಗ್ಗಿಸಿದೆ. ಮರುದಿನ ತೊಗರ್ಸಿಗೆ ಹೋಗಿ ಅವನ ಹೆಂಡತಿಯೆದುರು ಎಲ್ಲ ಒಪ್ಪಿಕೊಂಡೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ, ಒಳಗೆ ಹೋಗಿ ಚಹಾ ತಂದಿಟ್ಟಳು.

ಅವನು ಈಗಲೂ ಬರುತ್ತಾನೆ. ಮೊದಲೆಲ್ಲ ಕೆಲಸದ ನಡುವೆ ಬಗ್ಗಿ ಬಗ್ಗಿ ಹಣ್ಣು ಆರಿಸಿ ಬಾಯಿಗೆ ಎಸೆದುಕೊಳ್ಳುತ್ತಿದ್ದ, ಬೀಜ ಉಗಿಯುವ ಸದ್ದು ಅಡುಗೆಮನೆಗೆ ಕೇಳಿಸುತ್ತಿತ್ತು. ಈಗ ಬುಟ್ಟಿ ತುಂಬಿಸಿ ನನ್ನ ಬಾಗಿಲಿಗೆ ತಂದಿಡುತ್ತಾನೆ. ತಿನ್ನು ಎಂದು ಎಷ್ಟು ಒತ್ತಾಯಿಸಿದರೂ ನಮ್ಮ ಮನೆಯ ನೇರಳೆಯನ್ನು ಅವನು ಬಾಯಿಗೆ ಹಾಕುವುದಿಲ್ಲ.