ಗೌರಾಂಗನನ್ನು ಓಣಿಗೆ ತರಲಿಲ್ಲ

ಗೌರಾಂಗ ಹೋದನಂತೆ... ಎಂದು ಬರೆಯಲು ಬರುವುದಿಲ್ಲ.
ನನ್ನ ಕಣ್ಣೆದುರೇ ಹೋದ.
ಆದರೂ ನಂಬಲು ಆಗುತ್ತಿಲ್ಲ, ಗೆಳೆಯರೇ...

ಬೆಳಿಗ್ಗೆ ಎಂಟಕ್ಕೆ ಮಗ್ಗದ ಮುಂದೆ ನಿಂತವನು ಎದೆ ಹಿಡಿದುಕೊಂಡು ಕುಸಿದ.
ಜಮಖಂಡಿಯ ದವಾಖಾನೆಗೆ ಒಯ್ದೆವು. ಅಷ್ಟರಲ್ಲಿ ಜೀವ ಇರಲಿಲ್ಲ.
ಈಗ ಸಂಜೆ ಆರು. ಎಲ್ಲ ಮುಗಿಸಿ ಬಂದು ಬನಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಗೆ ಹೋಗಲು ಮನಸ್ಸಾಗುತ್ತಿಲ್ಲ.

ಗೌರಾಂಗ ಒಡಿಶಾದವನು. ಸೂರತ್ತಿನಲ್ಲಿ ಪವರ್‌ಲೂಮ್ ಕಲಿತು, ಹನ್ನೊಂದು ವರ್ಷದ ಹಿಂದೆ ನಮ್ಮ ಓಣಿಗೆ ಬಂದ.
ನನ್ನ ಪಕ್ಕದ ಮಗ್ಗ ಅವನದು.
ಹನ್ನೊಂದು ವರ್ಷ... ನನ್ನ ಹೆಂಡತಿಗಿಂತ ಹೆಚ್ಚು ಹೊತ್ತು ನನ್ನ ಜೊತೆ ಇದ್ದವನು.

ಬಾಡಿಗೆಗೆ ಯಾರೂ ಮನೆ ಕೊಡಲಿಲ್ಲ. ಶೆಡ್ಡಿನ ಹಿಂದೆ ನೂಲಿನ ಚೀಲ ಇಡುವ ಕೋಣೆಯಲ್ಲೇ ಮಲಗುತ್ತಿದ್ದ.
ನೇಕಾರರ ಕಾರ್ಡು ಮಾಡಿಸೋಣ ಎಂದು ಒಮ್ಮೆ ನಾನೇ ಕರೆದುಕೊಂಡು ಹೋಗಿದ್ದೆ.
"ಅಡ್ರೆಸ್ ಎಲ್ಲೀದೈತಿ? ಅಲ್ಲೇ ಹೋಗಿ ಕೇಳ್ರಿ" ಅಂದರು ಆಫೀಸಿನವರು.
ಒಡಿಶಾಕ್ಕೆ ಹೋದಾಗ ಅಲ್ಲಿ ಕೇಳಿದರೆ, ನೀನು ನೇಯುವುದು ಇಲ್ಲಿ ಅಲ್ಲವಲ್ಲ ಅಂದರಂತೆ.
ಅದನ್ನೂ ನಗುತ್ತಲೇ ಹೇಳಿದ್ದ.

ನಮ್ಮ ಓಣಿಯಲ್ಲೊಂದು ಪದ್ಧತಿ ಇದೆ.
ಯಾರಾದರೂ ತೀರಿಕೊಂಡರೆ, ಹೆಣ ಓಣಿ ದಾಟುವವರೆಗೆ ಒಂದು ಮಗ್ಗವೂ ನಡೆಯುವಂತಿಲ್ಲ.
ಎಲ್ಲರಿಗಿಂತ ಮೊದಲು ಸ್ವಿಚ್ ಆಫ್ ಮಾಡುತ್ತಿದ್ದವನು ಗೌರಾಂಗ.
ನಮ್ಮದು ನೇಯ್ದಷ್ಟೇ ಕೂಲಿ. ಹಾಗಾಗಿ ಇದೊಂದು ಸೀರೆ ಮುಗಿಸಿ ಇಳಿಸಿಬಿಡೋಣ ಎಂದು ನಾವು ಕಳ್ಳಾಟ ಆಡುತ್ತಿದ್ದೆವು...
ಎದುರು ಮನೆಯ ಅಜ್ಜಿ ಹೋದ ದಿನ ನಾನೇ ಅವನನ್ನು ಕಾಡಿದ್ದೆ.
"ಲೇ, ಅಕೀ ಏನ್ ನಿಮ್ಮ ಅಜ್ಜೀನ? ನಿನಗೇನ್ ಸಂಬಂಧ?"
"ಅಜ್ಜಿ ಮಲಗ್ಯಾಳಣ್ಣಾ. ಸಪ್ಪಳ ಬ್ಯಾಡ" ಅಂದ.
ಆಮೇಲೆ ಹೆಗಲು ಕೊಡಲೂ ಹೋದ. ಬಳಗದವರು ಬೇಡ ಅಂದರು. ಎಲ್ಲರ ಹಿಂದೆ ನಡೆದುಕೊಂಡು ಬಂದ.

ಇವತ್ತು ದವಾಖಾನೆಯಿಂದ ನಮ್ಮ ಮಾಲಕರಿಗೆ ಫೋನ್ ಮಾಡಿದೆ.
ಊರಿಗೆ ಕಳಿಸುವುದು ಆಗದ ಮಾತು, ಎರಡು ದಿನದ ದಾರಿ. ಅಲ್ಲೇ ಬೆಂಕಿ ಕೊಡಿ ಎಂದು ಅವನ ಅಣ್ಣನೇ ಅಳುತ್ತಾ ಹೇಳಿದ್ದ.
ಹಾಗಾದರೆ ಒಂದು ತಾಸು ಓಣಿಗೆ ತರುತ್ತೇವೆ, ಶೆಡ್ಡಿನ ಮುಂದೆ ಮಲಗಿಸಿ ಆಮೇಲೆ ಒಯ್ಯುತ್ತೇವೆ ಅಂದೆ.
ಮಾಲಕರು ಮೆಲ್ಲಗೆ ಅಂದರು...
"ನೋಡೋ ತಮ್ಮಾ, ಓಣ್ಯಾಗ ತಂದ್ರ ಅಷ್ಟೂ ಮಗ್ಗ ಬಂದ್ ಆಕ್ಕಾವ. ನಾಳಿ ಸೀರಿ ಲಾಟ್ ಹೋಗೂದೈತಿ. ಮತ್ತ ಅಂವಗ ಇಲ್ಲಿ ಬಳಗ ಅಂತ ಯಾರದಾರ? ಅಲ್ಲೇ ಜಮಖಂಡ್ಯಾಗ ಮುಗಿಸಿ ಬಂದಬಿಡು."

ಪದ್ಧತಿ ಮುರಿಯಲಿಲ್ಲ ನೋಡಿ ಅವರು. ಹೆಣ ಓಣಿಗೆ ಬಂದರೆ ತಾನೇ ಮಗ್ಗ ನಿಲ್ಲಿಸಬೇಕು...

ನಾನು ಏನಂದೆ ಗೊತ್ತೇ?
"ಆತ್ರೀ" ಅಂದೆ.
ಆಂಬುಲೆನ್ಸ್ ಡ್ರೈವರ್ "ಬನಹಟ್ಟಿಗೇನ್ರೀ?" ಎಂದು ಕೇಳಿದ. ಆಗಲಾದರೂ ಹೂಂ ಅನ್ನಬಹುದಿತ್ತು.
"ಇಲ್ರೀ, ಇಲ್ಲೇ" ಅಂದೆ.

ಲೇ ಗೌರಾಂಗ...
ನಿನ್ನ ಮ್ಯಾಲೇ ಸಿಟ್ಟು ಬರಾಕತ್ತೈತಿ ನನಗ.
ಯಾಕ ಅಷ್ಟ ನಂಬಿದಿ ನಮ್ಮನ್ನ?
ನಮ್ಮ ಬನಹಟ್ಟಿ, ನಮ್ಮ ಬನಹಟ್ಟಿ ಅಂತಿದ್ದಿ. ನಮ್ಮ ಗೌರಾಂಗ ಅಂತ ಇಲ್ಲಿ ಒಬ್ಬರರ ಅಂದಿದ್ರೇನು?
ಒಡಿಶಾದಾಂವ... ಅಷ್ಟ. ಹನ್ನೊಂದು ವರ್ಷ ಅದೇ ನಿನ್ನ ಹೆಸರಾತು.
ಎದುರು ಮಾತಾಡಿದ್ರ ನಾಳಿ ನನ್ನ ಮಗ್ಗ ಬ್ಯಾರೇದವ್ರಿಗೆ ಕೊಟ್ಟಾರು ಅಂತ ಅಂಜಿದೆ. ಖರೆ ಹೇಳತೇನಿ.
ನಿನಗಿಂತ ನನಗ ನನ್ನ ಮಗ್ಗ ಹೆಚ್ಚಾತು.

ನನ್ನ ತಂಗಿಯ ಗಂಡ ಬೀಳಗಿಯವನು, ಗೋವಾದಲ್ಲಿ ಗಾರೆ ಕೆಲಸ. ಅಲ್ಲಿ ಅವನಿಗೆ ಹೊರಗಿನವನೆಂದು ರೂಮು ಕೊಡಲಿಲ್ಲ ಅಂದಾಗ ಇದೇ ಫೇಸ್‌ಬುಕ್ಕಿನಲ್ಲಿ ಎಷ್ಟುದ್ದ ಬರೆದಿದ್ದೆ... ನೀವೆಲ್ಲ ಶೇರ್ ಮಾಡಿದ್ದಿರಿ.
ನಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣವೇ ಕಾಣುತ್ತದೆ ನಮಗೆ.
ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಮಧ್ಯಾಹ್ನದಿಂದ ಸಾಲು ಸಾಲು ಓಂ ಶಾಂತಿ ಬಂದಿವೆ. ಮಗ್ಗ ನಡೆಸುತ್ತಲೇ ಟೈಪ್ ಮಾಡಿದ್ದಾರೆ.

ಜಮಖಂಡಿಯ ಸ್ಮಶಾನದಲ್ಲಿ ನಾವು ನಾಲ್ಕೇ ಜನ. ನಾನು, ಬೇರೆ ಶೆಡ್ಡಿನ ಇಬ್ಬರು ಒಡಿಶಾದವರು, ಆಂಬುಲೆನ್ಸ್ ಡ್ರೈವರ್.
ವಿಡಿಯೋ ಕಾಲ್‌ನಲ್ಲಿ ಅವನ ಹೆಂಡತಿ.
ಬೆಂಕಿ ಹತ್ತಿದ ಮೇಲೆ ನನ್ನನ್ನೇ ಕರೆದು, ಹರಕು ಮುರುಕು ಹಿಂದಿಯಲ್ಲಿ ಕೇಳಿದಳು.
"ಭೈಯಾ... ಮಷೀನ್ ಸಬ್ ಬಂದ್ ಹೈ ನಾ?"
ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ಅವಳೇ ಬಿಡಿಸಿ ಹೇಳಿದಳು. ನಮ್ಮ ಓಣಿಯಲ್ಲಿ ಯಾರು ಸತ್ತರೂ ಎಲ್ಲ ಮಗ್ಗ ನಿಲ್ಲುತ್ತವೆ, ಅಲ್ಲಿ ಹೊರಗಿನವರು ಅಂತ ಇಲ್ಲ... ಎಂದು ಗಂಡ ಫೋನಿನಲ್ಲಿ ಹೇಳುತ್ತಿದ್ದನಂತೆ.

ಸ್ಮಶಾನದಲ್ಲಿ ಸಪ್ಪಳವೇ ಇರಲಿಲ್ಲ. ಆ ಮೌನ ಅವಳಿಗೂ ಕೇಳಿಸುತ್ತಿತ್ತೋ ಏನೋ.
"ಹಾಂ ಬೆಹೆನ್... ಸಬ್ ಬಂದ್ ಹೈ" ಅಂದೆ.
ಅವಳು ಫೋನಿನಲ್ಲೇ ಎರಡೂ ಕೈ ಮುಗಿದಳು...
ನಮ್ಮ ಓಣಿಗೆ.

ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುವ ಧೈರ್ಯ ಬಂತು.
ಮಾಲಕರು ಓದಿದರೆ ಓದಲಿ. ಅವರೂ ಒಂದು ಕೈ ಮುಗಿಯುವ ಇಮೋಜಿ ಹಾಕುತ್ತಾರೆ.
ನಾಳೆ ಎಂಟಕ್ಕೆ ನಾನೂ ಕೆಲಸಕ್ಕೆ ಹೋಗುತ್ತೇನೆ. ಪಕ್ಕದ ಮಗ್ಗಕ್ಕೆ ಇನ್ನೊಬ್ಬ ಬರುತ್ತಾನೆ, ಬಹುಶಃ ದೂರದಿಂದಲೇ...
ಏನೂ ಬದಲಾಗುವುದಿಲ್ಲ.

ಗೌರಾಂಗ...
ಕಳಿಸುವಾಗ "ಹೋಗಿ ಬಾ" ಅನ್ನುವುದು ನಮ್ಮ ಕಡೆಯ ರೂಢಿ.
ನಾನು ಅನ್ನುವುದಿಲ್ಲ. ಈ ಓಣಿಗೆ ಮತ್ತೆ ಬರಬೇಡ.
ಹೋಗು...
ಎಲ್ಲಿದ್ದರೂ ನಿನ್ನ ಜೀವ ತಣ್ಣಗಿರಲಿ.