ಒಂಬತ್ತು ವ್ಯಾಗನ್

1957ರ ಜನವರಿ 7, ಸೋಮವಾರ, ಬೆಳಿಗ್ಗೆ 11.52. ನಮ್ಮ ಬೀದಿಯ ರೈಲ್ವೇ ಗೇಟು ಮುಚ್ಚಿತು, ತೆರೆದದ್ದು 12.31ಕ್ಕೆ. ನನ್ನ ದಿನಚರಿಯಲ್ಲಿ ಈ ಲೆಕ್ಕ ಶುರುವಾದದ್ದು ಅಂದು.

ಉತ್ತರ ಮದರಾಸಿನಲ್ಲಿ ಅಪ್ಪಯ್ಯನ ಹೋಟೆಲು ಗೇಟಿನ ಈಚೆ. ನಾವು ದಿನವೂ ಅರವತ್ತು ಊಟ ಕಳಿಸುತ್ತಿದ್ದ ಕಾರ್ಖಾನೆ ಆಚೆ. ನಡುವೆ ಯಾರ್ಡಿನಿಂದ ಉಪ್ಪಿನ ಗೋದಾಮಿಗೆ ಹೋಗುವ ಒಂದೂವರೆ ಮೈಲಿಯ ಗೂಡ್ಸ್ ಲೈನು. ಮೊದಲು ಉಪ್ಪು ಕಾಲುವೆಯ ದೋಣಿಗಳಲ್ಲಿ ಬರುತ್ತಿತ್ತಂತೆ, ಗೇಟ್‌ಕೀಪರ್ ಹೇಳಿದ್ದು. ಈಗ ದಿನಕ್ಕೊಂದು ಗೂಡ್ಸು, ಅದೂ ಸರಿಯಾಗಿ ಊಟದ ಹೊತ್ತಿಗೆ.

ಕಾರ್ಖಾನೆಯ ಮ್ಯಾನೇಜರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಹನ್ನೆರಡೂಕಾಲಿಗೆ ಊಟ ಬರದಿದ್ದರೆ ಮಾರ್ಚಿಯಿಂದ ಬೇರೆಯವರಿಗೆ. ಆ ಅರವತ್ತು ಊಟ ಹೋದರೆ ನಮ್ಮ ಅರ್ಧ ಒಲೆ ಆರಿದಂತೆ.

“ಎಂತ ಮಾರಾಯ್ತಿ, ಗೇಟ್ ಕಾಂಬುದೇ ನಿನ್ ಕೆಲ್ಸವಾ? ಬರೆದ್ರೆ ಅದ್ ತೆರಿತ್ತಾ?” ಎಂದು ಅಪ್ಪಯ್ಯ ರೇಗಿದರು.

ನನಗೆ ಹತ್ತೊಂಬತ್ತು. ಪುಟದಲ್ಲಿ ಮೂರು ಕಾಲಂ ಎಳೆದೆ: ಮುಚ್ಚಿದ ಹೊತ್ತು, ತೆರೆದ ಹೊತ್ತು, ವ್ಯಾಗನ್ ಎಷ್ಟು. ನಾಲ್ಕು ವಾರದ ಪುಟಗಳನ್ನು ಒಟ್ಟಿಗೆ ಓದಿದಾಗ ಕಣ್ಣಿಗೆ ಬಿತ್ತು. ಒಂಬತ್ತು ಅಥವಾ ಕಡಿಮೆ ವ್ಯಾಗನ್ ಬಂದ ಆರು ದಿನವೂ ಗೇಟು ಏಳು ನಿಮಿಷದೊಳಗೆ ತೆರೆದಿತ್ತು. ಹತ್ತಾದರೆ ಅರ್ಧ ಗಂಟೆಯ ಮೇಲೆ.

ಹೋಗಿ ಹೆಜ್ಜೆಯಲ್ಲಿ ಅಳೆದೆ. ಇಂಜಿನು ಹಿಂದಿನಿಂದ ತಳ್ಳುತ್ತಿತ್ತು. ಗೇಟಿಗೂ ಗೋದಾಮಿಗೂ ನಡುವೆ ಇಂಜಿನಿನ ಜೊತೆ ಹಿಡಿಯುವುದು ಒಂಬತ್ತೇ ವ್ಯಾಗನ್. ಹೆಚ್ಚಾದರೆ, ಕೂಲಿಗಳು ಮುಂದಿನವನ್ನು ಒಂದೊಂದಾಗಿ ಕೈಯಲ್ಲೇ ಶೆಡ್ಡಿಗೆ ತಳ್ಳಿ ಜಾಗ ಮಾಡುವ ತನಕ ಇಂಜಿನು ರಸ್ತೆಯ ಮೇಲೆ ನಿಂತಿರುತ್ತಿತ್ತು.

ಪುಸ್ತಕ ಹಿಡಿದು ಯಾರ್ಡಿನ ಫೋರ್‌ಮನ್ ಹತ್ತಿರ ಹೋದೆ.

“ಎನ್ನಮ್ಮಾ, ರೈಲ್ವೇಕ್ಕೇ ಕಣಕ್ಕು ಸೊಲ್ಲಿ ಕುಡುಕ್ಕ ವಂದಿಯಾ?” ರೈಲ್ವೆಗೇ ಲೆಕ್ಕ ಹೇಳಿಕೊಡಲು ಬಂದೆಯಾ ಎಂದು ನಕ್ಕರು.

ಲೆಕ್ಕ ನಿಮ್ಮದೇ, ನಾನು ಬರೆದಿಟ್ಟೆ ಅಷ್ಟೇ ಎಂದು ತಮಿಳಿನಲ್ಲೇ ಹೇಳಿದೆ. ಮೊದಲು ಒಂಬತ್ತು ತನ್ನಿ, ಉಳಿದದ್ದನ್ನು ಮಧ್ಯಾಹ್ನ ಒಂದು ಗಂಟೆಯ ಮೇಲೆ ಇನ್ನೊಂದು ಸಲ ತನ್ನಿ. ಅವರು ನಗು ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಪುಟ ತಿರುಗಿಸುತ್ತಾ ಕೊನೆಯವರೆಗೂ ಓದಿದರು. ಪುಸ್ತಕ ಮಡಚಿ ನನ್ನ ಕೈಗೆ ಕೊಟ್ಟರು.

ಫೆಬ್ರವರಿ 11, ಸೋಮವಾರ. ಗೇಟು ಮುಚ್ಚಿದ್ದು 11.54. ಒಂದು, ಎರಡು, ಎಣಿಸುತ್ತಾ ಹೋದೆ. ಒಂಬತ್ತು! ಅದರ ಹಿಂದೆಯೇ ಇಂಜಿನು. ಗೇಟು ಮೇಲೆದ್ದಿತು. ಕೈಗಾಡಿಯನ್ನು ಅಂದು ಅಪ್ಪಯ್ಯನೇ ತಳ್ಳುತ್ತಿದ್ದರು. ಹಳಿ ದಾಟುತ್ತಲೇ ತಿರುಗಿ ಕೂಗಿದರು:

“ಬರ್ಕೊ ಮಗಾ, ಬರ್ಕೊ! ಹನ್ನೆರ್ಡ್ ಗಂಟೆ!”

12.09ಕ್ಕೆ ಕಾರ್ಖಾನೆಯಲ್ಲಿ ಮುಚ್ಚಳ ತೆಗೆದಾಗ ಸಾರಿನಿಂದ ಹಬೆ ಏಳುತ್ತಿತ್ತು. ಮ್ಯಾನೇಜರು ಗಡಿಯಾರ ನೋಡಿ ಎಲೆಯ ಮುಂದೆ ಕೂತರು.

ಮಾರ್ಚಿಯಲ್ಲೂ ಊಟ ನಮ್ಮದೇ, ಆಮೇಲೆ ಆರು ವರ್ಷವೂ ನಮ್ಮದೇ. ಗೇಟಿನಿಂದ ತಡವಾದದ್ದು ಒಟ್ಟು ನಾಲ್ಕು ದಿನ, ನಾಲ್ಕೂ ಬರೆದಿದ್ದೇನೆ. ಬರೆಯಲಾಗದೆ ಉಳಿದದ್ದು ಒಂದೇ: ಆ ಲೈನನ್ನು ಯಾವ ವರ್ಷ ಹಾಕಿದರು, ಗೋದಾಮಿನ ಮುಂದೆ ಒಂಬತ್ತು ವ್ಯಾಗನ್‌ಗಷ್ಟೇ ಜಾಗ ಬಿಟ್ಟವರು ಯಾರು? ಬಲ್ಲವರು ದಯವಿಟ್ಟು ನನಗೊಂದು ಕಾರ್ಡು ಹಾಕಿ. ಆ ಕಾಲಂ ಇನ್ನೂ ಖಾಲಿ ಇದೆ.