ಕಟುಕರ ಹನುಮಂತಪ್ಪನ ಕಾದಂಬರಿ

ಹನುಮಂತಪ್ಪ ಕೈ ತೊಳೆಯುವುದನ್ನು ನೋಡಬೇಕಿತ್ತು. ಮಾಂಸ ಮಾರಿ ಅಂಗಡಿಯ ತಟ್ಟಿ ಮುಚ್ಚಿದ ಮೇಲೆ ಮೊಣಕೈವರೆಗೂ ಸೀಗೆಪುಡಿ ಹಚ್ಚಿ ಉಜ್ಜುತ್ತಿದ್ದ. ಬೇವಿನಕಡ್ಡಿಯಿಂದ ಉಗುರುಸಂದಿ ಕೆದಕುತ್ತಿದ್ದ. ಆಮೇಲೇ ಲೇಖನಿ. ಆದರೂ ಅವನು ನನ್ನಿಂದ ತಿದ್ದಿಸಲು ತರುತ್ತಿದ್ದ ಹಾಳೆಗಳು ಕೊಬ್ಬಿನ ವಾಸನೆ ಹೊಡೆಯುತ್ತಿದ್ದವು.

ನಾನು ಮಡಕಶಿರಾ ಕಡೆಯವನು. ಆಗ ರಾಯದುರ್ಗದ ಬೋರ್ಡ್ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಮಾಂಸದಂಗಡಿಯವನು ಕಾದಂಬರಿ ಬರೆಯುತ್ತಾನೆಂದು ಪೇಟೆಯೆಲ್ಲ ನಗುತ್ತಿತ್ತು. "ಕತ್ತಿ ಬಿಟ್ಟು ಕತಿ ಹಿಡದಾನ" ಎನ್ನುತ್ತಿದ್ದರು. "ಯಾಕಪ್ಪಾ ಈ ಹುಚ್ಚು?" ಎಂದು ನಾನೂ ಒಮ್ಮೆ ಕೇಳಿದೆ.

"ಮನ್ಯಾಗ ಆಕಿ ಮಲಗ್ಯಾಳಲ್ರೀ" ಎಂದ.

ಹೆಂಡತಿ ತಿಪ್ಪಮ್ಮನಿಗೆ ಕ್ಷಯ. ನಾಲ್ಕನೇ ಕ್ಲಾಸು ಓದಿದ್ದ ಅವನು ವಾಚನಾಲಯದ ಕಾದಂಬರಿಗಳನ್ನು ತಂದು, ಹಾಸಿಗೆಯ ಪಕ್ಕ ಕೂತು ಅವಳಿಗೆ ಓದಿ ಹೇಳುತ್ತಿದ್ದ. ಕಪಾಟು ಖಾಲಿಯಾಯಿತು. ಯುದ್ಧಕಾಲ; ಕಾಗದವೇ ಇಲ್ಲದೆ ಬಳ್ಳಾರಿಯಿಂದಲೂ ಹೊಸ ಪುಸ್ತಕ ಬರಲಿಲ್ಲ.

"ಮುಂದೇನು, ಮುಂದೇನು ಅಂತಾಳ್ರೀ. ಏನಂತ ಹೇಳ್ಲಿ? ನಾನ ಬರ್ಯಾಕ ಕುಂತೆ."

ಅವನ ನಾಯಕಿ ಗಂಗಿ, ಕುರಿ ಕಾಯುವ ಹೆಣ್ಣು. ತಿದ್ದಿದ ಹಾಳೆ ಕೊಡಲು ಒಂದು ಸಂಜೆ ನಾನೇ ಮನೆಗೆ ಹೋಗಿದ್ದೆ. ಮಳೆಯಲ್ಲಿ ನೆನೆದ ಗಂಗಿಗೆ ಕೆಮ್ಮು ಹತ್ತಿತೆಂದು ಅವನು ಓದುತ್ತಿದ್ದಂತೆ, ಎಲುಬಿನ ಗೂಡಾಗಿದ್ದ ತಿಪ್ಪಮ್ಮ ಕೈ ಎತ್ತಿದಳು.

"ಆಕೀಗೆ ಕೆಮ್ಮು ಕೊಡಬ್ಯಾಡ. ಅಡ್ಡಾಡ್ಲಿ ಆಕಿ."

ಅವನು ಅಲ್ಲೇ ಆ ಸಾಲನ್ನು ಗೀಟೆಳೆದು ಹೊಡೆದುಹಾಕಿದ. ಅಲ್ಲಿಂದಾಚೆ ಗಂಗಿ ಒಂದೆಡೆ ನಿಲ್ಲಲಿಲ್ಲ. ಕೋಟೆಬೆಟ್ಟ ಹತ್ತಿದಳು, ಓಬಳಾಪುರದ ಕೆಮ್ಮಣ್ಣು ತುಳಿದಳು, ಬಳ್ಳಾರಿಗೆ ಹೋಗಿ ಬಳೆ ಇಡಿಸಿಕೊಂಡಳು.

"ಬರೀ ತಿರುಗಾಡ್ತಾಳೆ. ಇದ್ರಾಗೆ ಕಥೆ ಎಲ್ಲೈತಪ್ಪಾ?" ಎಂದೆ.

"ತಿರುಗಾಡೂದ ಕತಿರೀ, ಮೇಷ್ಟ್ರ."

ಆ ಬೇಸಿಗೆಯಲ್ಲಿ ತಿಪ್ಪಮ್ಮ ತೀರಿಕೊಂಡಳು. ದಿನಕರ್ಮ ಮುಗಿಸಿ ಹನುಮಂತಪ್ಪ ಮತ್ತೆ ಅಂಗಡಿ ತೆರೆದ. ಹಾಳೆ ತರುವುದು ನಿಂತಿತು. ನಾನು ಕೇಳಲಿಲ್ಲ. ಪೇಟೆಗೂ ನಗಲು ಏನೂ ಉಳಿಯಲಿಲ್ಲ.

ಮರುವರ್ಷ ನನಗೆ ಮಡಕಶಿರಾಕ್ಕೆ ವರ್ಗವಾಯಿತು. ಹೇಳಿಹೋಗಲು ಅಂಗಡಿಗೆ ಹೋದೆ. ಅವನು ತಲೆ ಬಗ್ಗಿಸಿ ಕಲ್ಲಿಗೆ ಕತ್ತಿ ಮಸೆಯುತ್ತಿದ್ದ.

"ಕಾದಂಬರಿ ಮುಗಿಸಲ್ವೇನಪ್ಪಾ?"

"ಗಂಗಿ ಕೊಡ ತುಂಬಿಟ್ಟು ಬಾವಿಕಟ್ಟಿ ಮ್ಯಾಲೆ ಕುಂತಾಳ್ರೀ. ಅಲ್ಲಿಗೆ ನಿಂತೈತಿ."

"ಮುಂದೆ?"

ಮಸೆಯುವ ಕೈ ನಿಂತಿತು. ಅವನು ನನ್ನನ್ನು ನೋಡಲಿಲ್ಲ.

"ಕೊಡ ಎತ್ತಿದ್ಲಂದ್ರ ಮನೀಗೆ ಬರಬೇಕಾಕ್ಕೈತಲ್ರೀ... ಮನ್ಯಾಗ ಯಾರದಾರ?"